ಕ್ಯಾಶಿಯರ್ ಸಾಹೇಬರ ಹೆಬ್ಬೆರಳು

ಬ್ಯಾಂಕಿನಿಂದ ನಿವೃತ್ತರಾದ ಮಾರನೆಯ ದಿನವೇ ಕ್ಯಾಶಿಯರ್ ಸಾಹೇಬರು ಕಾಫಿ ಲೋಟ ಕುಕ್ಕಿ ಘೋಷಣೆ ಹೊರಡಿಸಿದರು. ಈ ಬೀದಿಯಲ್ಲಿ ಇನ್ನು ಒಂದೇ ಒಂದು ನೋಟೂ ಕೈ ಬದಲಿಸಕೂಡದು! ಕಟ್ಟಕಡೆಯ ಅಂಗಡಿಗೂ ಡಿಜಿಟಲ್ ಹಣ ತಲುಪಿಸಿಯೇ ತಾವು ವಿಶ್ರಮಿಸುವುದು!

“ಮೊದಲು ಬೆರಳು ನಾಲಿಗೆಗೆ ಒತ್ತೋದು ಬಿಡಿ, ಆಮೇಲೆ ಬೀದಿ ಉದ್ಧಾರ ಮಾಡುವಿರಂತೆ,” ಎಂದರು ಹೆಂಡತಿ, ಒದ್ದೆಯಾದ ಪೇಪರ್ ಕಸಿದುಕೊಂಡು. ಮೂವತ್ತು ವರ್ಷ ನೋಟು ಎಣಿಸಿದ ಆ ಹೆಬ್ಬೆರಳು ಪೇಪರ್ ಮಗುಚಲಿ, ಕರೆಗಂಟೆ ಒತ್ತಲಿ, ಮೊದಲು ನಾಲಿಗೆಗೆ ಹೋಗಿಯೇ ಬರುತ್ತಿತ್ತು.

ಮೊದಲ ಶಿಷ್ಯೆ, ಅವರ ಮನೆಯ ಮೆಟ್ಟಿಲ ಕೆಳಗೆ ಮಿಷನ್ ಇಟ್ಟುಕೊಂಡಿದ್ದ ಹೊಲಿಗೆಯಮ್ಮ. ಸಾಹೇಬರ ಪ್ಯಾಂಟುಗಳೆಲ್ಲ ಆಕೆಯ ಕೈಕೆಲಸವೇ. ಸಾಹೇಬರು ಆಕೆಯ ಫೋನಿಗೆ ಆ್ಯಪ್ ಹಾಕಿದರು, ಗೋಡೆಗೆ ಕ್ಯೂಆರ್ ಕೋಡ್ ಅಂಟಿಸಿದರು. ಹಣ ಕಳಿಸುವ ಬೀಗಕ್ಕೆ ಬೆರಳಚ್ಚು ಬೇಕಿತ್ತು. ಸೂಜಿಗೆ ಸವೆದ ಆಕೆಯ ಹೆಬ್ಬೆರಳನ್ನು ಫೋನು ಸುತರಾಂ ಒಪ್ಪಲಿಲ್ಲ. ಹಿಂದೊಮ್ಮೆ ಸಾಹೇಬರ ಕೌಂಟರೂ ಒಪ್ಪಿರಲಿಲ್ಲ. ಗುರುತು ಸಿಗದಿದ್ದರೆ ಪಕ್ಕಕ್ಕೆ ನಿಲ್ಲಿ ಎಂದು ಇವರೇ ಗದರಿಸಿದ್ದರು. ಆಮೇಲೆ ಖಾತೆ ಇದ್ದರೂ ಆಕೆ ಬ್ಯಾಂಕಿನ ಕಡೆ ತಲೆ ಹಾಕಿರಲಿಲ್ಲ. ಅದು ನೆನಪಾಗಿ ಸಾಹೇಬರ ಕೆನ್ನೆ ಬಿಸಿಯಾಯಿತು. ಪ್ರಾಯಶ್ಚಿತ್ತವೆಂಬಂತೆ ಬೀಗಕ್ಕೆ ತಮ್ಮದೇ ಹೆಬ್ಬೆರಳು ದಾನ ಮಾಡಿದರು. ಮೇಲಧಿಕಾರಿಯ ಅನುಮತಿ ಇಲ್ಲದೆ ಹಣ ಹೊರಗೆ ಹೋಗಬಾರದಲ್ಲ! ಜೊತೆಗೊಂದು ಗುಟ್ಟಿನ ಸಂಖ್ಯೆಯೂ ಬೇಕಾಯಿತು. ಮರೆಯದಂಥದ್ದು ಹಾಕಿ, ಯಾರಿಗೂ ಹೇಳಬೇಡಿ ಎಂದು ತಾವೇ ಬೆನ್ನು ತಿರುಗಿಸಿ ನಿಂತರು.

ಮೂರು ತಿಂಗಳು ಗಿರಾಕಿಗಳು ಕೋಡಿಗೆ ಫೋನು ಹಿಡಿದರು. ಡಬ್ಬಿಯಲ್ಲಿಟ್ಟರೆ ಮನೆಮಂದಿಯ ಪಾಲಾಗುತ್ತಿದ್ದ ಸಂಪಾದನೆ ಮೊದಲ ಸಲ ಆಕೆಯ ಹೆಸರಲ್ಲೇ ಉಳಿಯಿತು. ಊರಿನ ಇನ್ನೊಂದು ತುದಿಯಲ್ಲಿ ಅಂಗಿಯ ಗುಂಡಿಗೆ ಕಾಜಾ ಹೊಲಿಯುವ ಹಳೆ ಮಿಷನ್ ಮಾರಾಟಕ್ಕಿತ್ತು. ಅದು ಸಿಕ್ಕರೆ ಶಾಲೆಯೊಂದರ ಸಮವಸ್ತ್ರದ ಕೆಲಸವೆಲ್ಲ ಆಕೆಗೇ. ಅಂದು ಸಂಜೆ ಐದು ಗಂಟೆಯೊಳಗೆ ಮುಂಗಡ ಬರದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಮಾರುವವನು ಪಟ್ಟು ಹಿಡಿದಿದ್ದ.

ಐದಕ್ಕೆ ಹತ್ತು ನಿಮಿಷವಿರುವಾಗ ಹೊಲಿಗೆಯಮ್ಮ ಫೋನು ಹಿಡಿದು ಮೇಲೆ ಓಡಿಬಂದರು. ಸಾಹೇಬರು ಕಾಲರ್ ಸರಿಪಡಿಸಿಕೊಂಡು, ಗತ್ತಿನಿಂದ ಹೆಬ್ಬೆರಳು ನಾಲಿಗೆಗೆ ಸೋಕಿಸಿ, ಫೋನಿಗೆ ಒತ್ತಿದರು. ಗುರುತು ಸಿಗಲಿಲ್ಲ. ಅಂಗಿಗೆ ಒರೆಸಿಕೊಂಡರು; ಗಾಬರಿಯಲ್ಲಿ ಬೆರಳು ಮತ್ತೆ ನಾಲಿಗೆಗೇ ಹೋಯಿತು. ಮತ್ತೆ ಒತ್ತಿದರು, ಮತ್ತೆ ಅದೇ ಹಾಡು. ಐದನೆಯ ಸಲಕ್ಕೆ ಫೋನು ಬೆರಳಿಗೆ ಸಂಪೂರ್ಣ ಬಹಿಷ್ಕಾರ ಹಾಕಿತು!

“ಇನ್ನೂ ಸ್ವಲ್ಪ ನೆಕ್ಕಿ, ಫೋನೇ ಕರಗಿಹೋಗಲಿ,” ಎಂದರು ಹೆಂಡತಿ.

ಸಾಹೇಬರು ಬೆವರುತ್ತಾ ಹೆಬ್ಬೆರಳಿಗೆ ಉಫ್ ಉಫ್ ಎಂದು ಊದತೊಡಗಿದರು. ಗಡಿಯಾರದಲ್ಲಿ ನಾಲ್ಕೇ ನಿಮಿಷ ಉಳಿದಿತ್ತು.

“ಗುರುತು ಸಿಗದಿದ್ರೆ ಸ್ವಲ್ಪ ಪಕ್ಕಕ್ಕೆ ನಿಂತ್ಕೊಳ್ಳಿ ಸಾರ್,” ಎಂದು ಹೊಲಿಗೆಯಮ್ಮ ಮೆಲ್ಲಗೆ ಫೋನು ತೆಗೆದುಕೊಂಡರು. ಬೆರಳಿನ ಬದಲು ಈಗ ಗುಟ್ಟಿನ ಸಂಖ್ಯೆ ಕೇಳುತ್ತಿದ್ದ ಪರದೆಯ ಮೇಲೆ ಪಟಪಟನೆ ನಾಲ್ಕು ಅಂಕಿ ಒತ್ತಿದರು. ಮುಂಗಡ ಹೋಯಿತು, ಮಿಷನ್ ಆಕೆಯದಾಯಿತು.

ಸಾಹೇಬರಿಗೆ ನಾಚಿಕೆಗಿಂತ ಹೆಮ್ಮೆಯೇ ಹೆಚ್ಚಾಯಿತು. ತಮ್ಮ ಕೌಂಟರಿನಲ್ಲಿ ಇಂಥ ಚುರುಕು ಕೈ ಒಂದೂ ಇರಲಿಲ್ಲ ಎಂದು ಬಾಯಿಬಿಟ್ಟೇ ಹೊಗಳಿದರು. ಎಲ್ಲೂ ಬರೆದಿಡದೆ ಹೇಗೆ ನೆನಪಿಟ್ಟಿರಿ ಎಂದು ಕೇಳಿದರು.

“ಅಳತೆ ಸಾರ್. ಸೊಂಟ, ಉದ್ದ. ಒಂದ್ಸಲ ಟೇಪು ಹಿಡಿದ್ರೆ ನಾನು ಮರೆಯಲ್ಲ.”

ಯಾರ ಅಳತೆ ಎಂದಿದ್ದಕ್ಕೆ, ಯಾರಿಗೂ ಹೇಳಬಾರದೆಂದು ನೀವೇ ಕಲಿಸಿದ್ದಲ್ಲವೇ ಎಂದರು. ಆದರೆ ಆಕೆಯ ಕಣ್ಣು ಸಾಹೇಬರ ಬೆಲ್ಟಿನ ಮೇಲೆ ಒಂದು ಗಳಿಗೆ ನಿಂತುಬಿಟ್ಟಿತು.

ಹೆಂಡತಿ ಅದನ್ನು ಗಮನಿಸದೆ ಬಿಟ್ಟಾರೆಯೇ?

“ಅದನ್ನೇ ಇಟ್ಕೊಳ್ಳಿ, ಯಾರೂ ಕಂಡುಹಿಡಿಯೋಕಾಗಲ್ಲ,” ಎಂದರು. “ಈ ಮೂರು ತಿಂಗಳಲ್ಲಿ ಇವರ ಸೊಂಟ ನಾಲ್ಕಿಂಚು ಮುಂದೆ ಹೋಗಿದೆ.”