ಮದುವೆಗೆ ಮೊದಲೇ ತಂದ ತೊಟ್ಟಿಲು

ನಮ್ಮೂರಾಗ ಯಾರಾದರೂ ಹೊಸದೊಂದು ಕೆಲಸಕ್ಕೆ ಕೈ ಹಾಕಿದರೆ ಊರಿಗೆ ಊರೇ ನಗಾಕ ತಯಾರಾಗಿ ಕೂತಿರುತ್ತದೆ. ನನ್ನಂಥವನು ಕೈ ಹಾಕಿದರಂತೂ ವಾರಗಟ್ಟಲೆ ಅವರಿಗೆ ಬ್ಯಾರೆ ಕೆಲಸವೇ ಇರುವುದಿಲ್ಲ. ನಗಲಿ. ಮೊರಬದ ಸುತ್ತಿನ ಹಳ್ಳಿಗಳಲ್ಲಿ ಮನೆಯಿಂದಲೇ ತೊಟ್ಟಿಲು ಬಾಡಿಗೆಗೆ ಕೊಡುವ ದಂಧೆ ಮೊದಲು ಶುರು ಮಾಡಿದವ ನಾನೇ. ನಗುವವರು ಈ ಮಾತೊಂದನ್ನು ಬಿಟ್ಟು ಉಳಿದದ್ದೆಲ್ಲ ಹೇಳುತ್ತಾರೆ. ಅದಕ್ಕೆ ನಾನೇ ಬರೆಯಲು ಕೂತೆ.

೧. ಬುದ್ಧಿ ಹೊಳೆದದ್ದು

ನಮ್ಮ ಅಕ್ಕನ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಬಣ್ಣದ ತೊಟ್ಟಿಲು ಊರಾಗ ಇದ್ದದ್ದು ಒಂದೇ, ಗೌಡರ ಮನೆಯದು. ಗೌಡರ ಹೆಂಡತಿಗೆ ಯಾರಿಗೂ ಇಲ್ಲ ಅಂದು ಗೊತ್ತಿಲ್ಲ. ಆವತ್ತು ಮೂರು ಮನೆಗೆ ಹೂಂ ಅಂದಿದ್ದಳು. ನಮ್ಮ ಪಾಳಿ ಬರುವ ಹೊತ್ತಿಗೆ ಬಂದ ಹೆಣ್ಣುಮಕ್ಕಳೆಲ್ಲ ಉಂಡು, ಎಲಿಅಡಿಕಿ ಹಾಕಿಕೊಂಡು ಹೋಗಿಬಿಟ್ಟಿದ್ದರು. ಕೂಸು ಮೊರದಾಗ ನಿದ್ದೆ ಹೋಗಿತ್ತು.

ಅಲ್ಲೇ ನನಗೆ ಹೊಳೆಯಿತು. ಊರಾಗ ಒಬ್ಬ ಸೈಕಲ್ಲು ಬಾಡಿಗೆಗೆ ಕೊಡುತ್ತಾನೆ, ಇನ್ನೊಬ್ಬ ಮೈಕು ಕೊಡುತ್ತಾನೆ. ಸೈಕಲ್ಲು ಇಲ್ಲದಿದ್ದರೆ ನಡೆದು ಹೋಗಬಹುದು, ಮೈಕು ಇಲ್ಲದಿದ್ದರೆ ಒದರಬಹುದು. ತೊಟ್ಟಿಲಿಲ್ಲದೆ ಹೆಸರಿಡಲು ಬರುತ್ತದೇನು?

ಸಂಜೆಗೆ ಕಟ್ಟೆಯ ಮೇಲೆ ಸಾರಿಬಿಟ್ಟೆ. "ಇನ್ನ ಮ್ಯಾಲೆ ಸುತ್ತ ಏಳ ಹಳ್ಯಾಗ ಹುಟ್ಟಿದ ಕೂಸೆಲ್ಲಾ ನನ್ನ ತೊಟ್ಟಲದಾಗ ಮಲಗಬೇಕು, ನೋಡ್ರಲೇ!"

ಮಾತು ಅಪ್ಪನ ಕಿವಿಗೆ ಬಿತ್ತು. "ಯುಗಾದಿ ತನಕಾ ಬಿಡ್ತೀನಿ. ಅಷ್ಟರಾಗ ಒಬ್ಬರರ ನಿನ್ನ ತೊಟ್ಟಲಾ ಕೇಳಾಕ ಬರಲಿಲ್ಲಂದ್ರ ಸೀದಾ ಹುಬ್ಬಳ್ಳಿಗೆ ಹೋಗು. ನಿಮ್ಮ ಮಾವನ ಅಡತಿ ಅಂಗಡ್ಯಾಗ ಕಾಳಿನ ಚೀಲಾ ಹೊಲಕೋತ ಕುಂದ್ರು."

ಚೀಲ ಹೊಲಿಯುವ ಕೈಯೇ ಇದು? ಹೂಂ ಅಂದೆ. ಕಟ್ಟೆಯ ಮೇಲೆ ಗೆಳೆಯನೊಬ್ಬ ಉಳಿದವರ ಕಡೆ ತಿರುಗಿ ಹೇಳಿದ, "ಇವನ ದಂಧೆ ನಡೀಬೇಕಂದ್ರ ನಾವೆಲ್ಲಾರೂ ಲಗೂನ ಲಗ್ನಾ ಆಗಬೇಕಲ್ಲಲೇ!"

೨. ಮೀಸೆಯ ಕೂಸು

ಸೈಕಲ್ಲು ಮಾರಿದೆ. ಬೆಲ್‌ಬಾಟಂ ಪ್ಯಾಂಟಿಗೆ ಇಸ್ತ್ರಿ ಹೊಡೆಸಿಕೊಂಡು ಕಲಘಟಗಿಗೆ ಹೋದೆ. ತೊಟ್ಟಿಲು ಮಾಡುವ ಅಜ್ಜ ಕಟ್ಟಿಗೆಗೆ ಅರಗಿನ ಬಣ್ಣ ಹಚ್ಚುತ್ತ ಕೂತಿದ್ದ.

"ಕೂಸು ಹುಟ್ಟಿ ಎಷ್ಟ ದಿನಾ ಆತು?"

"ಇನ್ನೂ ಹುಟ್ಟಿಲ್ರಿ."

"ಮನ್ಯಾಕಿಗೆ ಎಷ್ಟನೇ ತಿಂಗಳಾ?"

"ಲಗ್ನಾನ ಆಗಿಲ್ರಿ."

ಅಜ್ಜ ಕೈಯಲ್ಲಿದ್ದ ಕೆಲಸ ಕೆಳಗಿಟ್ಟ. "ತಮ್ಮಾ, ಅವಸರದ ಮಂದಿನ್ನ ಭಾಳ ನೋಡೀನಿ. ನಿನ್ನಂಥಾಂವನ್ನ ನೋಡಿರ್ಲಿಲ್ಲ ಬಿಡು."

ದಂಧೆಯ ವಿಚಾರ ತಿಳಿಸಿ ಹೇಳಿದ ಮೇಲೆ ಒಂದು ತೊಟ್ಟಿಲು ತೋರಿಸಿದ. ಕೆಂಪು, ಹಸಿರು, ಹಳದಿ; ಸುತ್ತಲೂ ಗಿಳಿಗಳು. ನೋಡಿದರೆ ಮತ್ತೆ ಕೂಸಾಗಬೇಕು ಅನ್ನಿಸುವಂಥದ್ದು. ಆದರೆ ನಾನು ಬಣ್ಣ ನೋಡಿ ಮರುಳಾಗುವವನಲ್ಲ. ಏಳು ಹಳ್ಳಿ ತಿರುಗುವ ತೊಟ್ಟಿಲು ಅಗದಿ ಗಟ್ಟಿ ಇರಬೇಕಲ್ಲ? ತೊಲೆಗೆ ತೂಗುಹಾಕಿಸಿ ನಾನೇ ಹತ್ತಿ ಕಾಲು ಮಡಚಿ ಕೂತೆ. ತಡೆಯಿತು! ಇಳಿಯಲು ಹೋದರೆ ಮಾತ್ರ ಮೊಣಕಾಲು ಸಿಕ್ಕಿಕೊಂಡವು. ಹಿಂದಕ್ಕೂ ಬರಲಿಲ್ಲ, ಮುಂದಕ್ಕೂ ಬರಲಿಲ್ಲ.

ಅಜ್ಜ ಒಂದು ಗಳಿಗೆ ನೋಡಿದ. ಆಮೇಲೆ ಒಳಗೆ ಮುಖ ಮಾಡಿ ಹೆಂಡತಿಯನ್ನು ಕೂಗಿದ. "ಏ, ಲಗೂನ ಬಾ ಇಲ್ಲೆ. ಮೀಸಿ ಬಂದ ಕೂಸೊಂದು ಸಿಕ್ಕೈತಿ, ಹೆಸರ ಇಡೂಣು!"

೩. ಮೊದಲ ಗಳಿಕೆ

ತೊಟ್ಟಿಲನ್ನು ಬಸ್ಸಿನ ತಲೆಯ ಮೇಲೆ ಕಟ್ಟಿದರು. ಬಾಜೂ ಕೂತ ಮುದುಕಿ ಕೇಳಿದಳು, "ಗಂಡೋ, ಹೆಣ್ಣೋ?"

ಕಲಘಟಗಿ ಬಿಟ್ಟಾಗಿಂದ ಡ್ರೈವರಿಗೆ, ಕಂಡಕ್ಟರಿಗೆ ಕತೆ ಹೇಳಿ ಹೇಳಿ ಬಾಯಿ ಒಣಗಿತ್ತು. "ಗಂಡು" ಅಂದುಬಿಟ್ಟೆ. ಮುದುಕಿ ಸೆರಗಿನ ಗಂಟು ಬಿಚ್ಚಿ ಅರ್ಧ ಬಟ್ಟಲು ಒಣಕೊಬ್ಬರಿ ಕೈಗಿಟ್ಟಳು. "ಬಾಣಂತಿಗೆ ಕೊಡಪಾ, ಮೈಗೆ ಛಲೋ."

ಊರು ಬರುವುದರೊಳಗೆ ನಾನೇ ತಿಂದು ಮುಗಿಸಿದೆ. ಸುಳ್ಳು ಯಾಕೆ ಹೇಳಲಿ, ಮೈಗೆ ಛಲೋನ ಇತ್ತು.

೪. ಈಗರ ಮಲಗೇತಿ

ಪಡಸಾಲೆಯ ತೊಲೆಗೆ ತೊಟ್ಟಿಲು ತೂಗುಹಾಕಿದೆ. ಕಾಣುವಂತಿದ್ದರೆ ತಾನೇ ಗಿರಾಕಿ ಬರೋದು? ಅವ್ವ ಎರಡೂ ಕೈ ಎತ್ತಿ ಅಡ್ಡ ನಿಂತಳು. "ಖಾಲಿ ತೊಟ್ಟಲಾ ಮನ್ಯಾಗ ತೂಗಬಾರ್ದು! ಬಿಚ್ಚು ಮೊದಲ."

ನನ್ನ ತಲೆ ಸುಮ್ಮನಿರುತ್ತದೆಯೆ? ನಮ್ಮ ಕಡೆ ಹೆಸರಿಡುವಾಗ ಕೂಸಿಗಿಂತ ಮೊದಲು ಒಳಕಲ್ಲಿನ, ಅಂದರೆ ಖಾರ ಕುಟ್ಟುವ ಒರಳಿನ, ಗುಂಡಕಲ್ಲನ್ನು ತೊಟ್ಟಿಲಿಗೆ ಹಾಕುವುದು ಪದ್ಧತಿ. "ಹಂಗಾರ ಗುಂಡಕಲ್ಲ ಮಲಗಸು. ಖಾಲಿ ಎಲ್ಲಿ ಉಳೀತು?" ಅಂದೆ.

ಅವ್ವ ಅರ್ಧ ಕೆಲಸ ಮಾಡುವವಳಲ್ಲ. ಕಲ್ಲಿಗೆ ನೀರೆರೆದಳು, ಒರೆಸಿದಳು, ತಲೆ ಮುಚ್ಚುವ ಅಕ್ಕನ ಕೂಸಿನ ಹಳೆಯ ಕುಂಚಿಗೆ ತೊಡಿಸಿದಳು, ದೃಷ್ಟಿಯಾಗದಂತೆ ಕಾಡಿಗೆಯ ಬೊಟ್ಟು ಇಟ್ಟು, ಕೌದಿ ಹೊದಿಸಿ ಮಲಗಿಸಿದಳು.

ಮಧ್ಯಾಹ್ನ ಅಪ್ಪ ಉಣ್ಣಲು ಕೂತ. ರೊಟ್ಟಿಯ ಬಾಜೂ ಬಳ್ಳೊಳ್ಳಿ ಖಾರ ಇರಲಿಲ್ಲ. "ಖಾರಾ ಎಲ್ಲೈತಿ?"

"ಕುಟ್ಟಾಕ ಕಲ್ಲ ಬೇಕಲ್ರಿ," ಅಂದಳು ಅವ್ವ, ದನಿ ಇಳಿಸಿ. "ಈಗರ ಮಲಗೇತಿ."

ಮರುದಿನದಿಂದ ಹೊತ್ತು ಹೊತ್ತಿಗೆ ಕಲ್ಲನ್ನು ಎಬ್ಬಿಸಿ, ಖಾರ ಕುಟ್ಟಿ, ಮತ್ತೆ ಎರೆದು ಮಲಗಿಸುವ ರೂಢಿ ಆಯಿತು. ಊರ ಮಂದಿ ದಿಂಡಿಯ ಯಾತ್ರಿಕರಂತೆ ಸಾಲುಗಟ್ಟಿ ಬಂದರು. ಎಲ್ಲರೂ ಕಲ್ಲು ನೋಡಿ ನಕ್ಕು ಹೋದರೇ ಹೊರತು ತೊಟ್ಟಿಲು ಬೇಕು ಅಂದವರು ಒಬ್ಬರೂ ಇಲ್ಲ. ಯುಗಾದಿಗೆ ನಾಲ್ಕು ದಿನ ಉಳಿಯಿತು. ಅಪ್ಪ ಹುಬ್ಬಳ್ಳಿ ಮಾವನಿಗೆ ಕಾರ್ಡು ಬರೆದು ಹಾಕಿದ.

೫. ಮನೆ ನೋಡಲು ಬಂದವರು

ಅದೇ ದಿನ ಅಣ್ಣಿಗೇರಿ ಕಡೆಯ ಹಳ್ಳಿಯಿಂದ ಹೆಣ್ಣಿನ ಕಡೆಯವರು ನನ್ನನ್ನೂ ನಮ್ಮ ಮನೆಯನ್ನೂ ನೋಡಲು ಬರುವವರಿದ್ದರು. ಯಾವತ್ತೂ ಎರಡು ತಾಸು ತಡವಾಗುವ ಬಸ್ಸು ಆವತ್ತು ಹೊತ್ತಿಗೆ ಸರಿಯಾಗಿ ಬಂತು. ತೊಟ್ಟಿಲು ಬಿಚ್ಚುವುದರೊಳಗೆ ಹುಡುಗಿಯ ಅಪ್ಪ ಮತ್ತು ಅಜ್ಜಿ ಪಡಸಾಲೆಯಲ್ಲಿ ಹಾಜರ್.

ಚಹಾ ಬಂತು. ನಾನು ಎದೆಯುಬ್ಬಿಸಿ ಕೂತು, ರೂಢಿ ಬಿದ್ದ ಕೈಯಿಂದ ತೊಟ್ಟಿಲಿನ ಹಗ್ಗ ಜಗ್ಗುತ್ತಲೇ ಮಾತಾಡುತ್ತಿದ್ದೆ. ನನ್ನ ದಂಧೆಯ ಸುದ್ದಿ ಅಣ್ಣಿಗೇರಿ ತನಕ ಮುಟ್ಟಿದೆ ಅಂತಲೇ ನನ್ನ ತಿಳುವಳಿಕೆ. ಮುಟ್ಟಿರಲಿಲ್ಲ. ಅವರಿಬ್ಬರ ಕಣ್ಣು ಕುಂಚಿಗೆಯ ಮೇಲೆಯೇ ಇತ್ತು.

ಹುಡುಗಿಯ ಅಪ್ಪ ಮೆಲ್ಲಗೆ ಕೇಳಿದ, "ಸಣ್ಣ ಕೂಸೈತಿ... ಬಾಣಂತಿ ಕಾಣವಲ್ಲಳಲ್ರಿ?"

ನಾನು ಬಾಯಿ ತೆಗೆಯುವುದರೊಳಗೆ ಅವ್ವ ತಲೆಯ ಮೇಲೆ ಸೆರಗು ಹೊದ್ದು ಅಡಿಗೆಮನೆಯಿಂದ ಬಂದಳು. ಬೀಗರಿಗೆ ಚುರಮುರಿ ಸೂಸಲ ಮಾಡಬೇಕು, ಅದಕ್ಕೆ ಹಸಿಮೆಣಸಿನಕಾಯಿ ಕುಟ್ಟಬೇಕು. ತೊಟ್ಟಿಲಿಗೆ ಬಗ್ಗಿ, "ಏಳಪಾ, ಸಾಕು ಮಲಗಿದ್ದು" ಅಂದಳು. ಎತ್ತಿ, ತಲೆಕೆಳಗು ಮಾಡಿ ಕಂಕುಳಿಗೆ ಸಿಕ್ಕಿಸಿಕೊಂಡು ಒಳಗೆ ಹೋದಳು.

ಒಳಗಿನಿಂದ ಸಪ್ಪಳ. ದಡ್! ದಡ್! ದಡ್!

ಹುಡುಗಿಯ ಅಪ್ಪನ ಬಶಿಯ ಚಹಾ ಧೋತರದ ಮೇಲಿತ್ತು. ಬಸ್ಸಿನಿಂದ ಕೈ ಹಿಡಿದು ಇಳಿಸಬೇಕಾಗಿದ್ದ ಅಜ್ಜಿ ಈಗ "ಅಯ್ಯ ಯವ್ವಾ, ಕೂಸು!" ಅಂತ ಚೀರಿ ಒಳಗೆ ಓಡಿದಳು. ಸಪ್ಪಳ ನಿಂತಿತು. ಆಮೇಲೆ ಎರಡು ಹೆಂಗಸರ ನಗು ಶುರುವಾಯಿತು, ನಿಲ್ಲಲೇ ಇಲ್ಲ. ಅಜ್ಜಿ ಕುಂಚಿಗೆ ಹಿಡಿದು, ಕಣ್ಣು ಒರೆಸಿಕೊಳ್ಳುತ್ತ ಹೊರಗೆ ಬಂದಳು. "ಕುಂದ್ರೋ ಮಗನ. ಕೂಸಿಗೇನೂ ಆಗಿಲ್ಲ. ಖಾರಾ ಕುಟ್ಟಾಕತ್ತೈತಿ."

ನಾನು ದಂಧೆಯ ವಿಚಾರವೆಲ್ಲ ಹೇಳಿದೆ. ಅಜ್ಜಿ ತೊಟ್ಟಿಲಿನ ಸುತ್ತ ತಿರುಗಿದಳು, ಗಿಳಿಗಳ ಮೇಲೆ ಬೆರಳಾಡಿಸಿದಳು. "ಬಾಡಿಗಿಗೆ ಖರೇನ ಕೊಡ್ತಿಯೇನು? ನಮ್ಮ ದೊಡ್ಡ ಮೊಮ್ಮಗಳು ಹಡದಾಳ. ನಾಡದ ತೊಟ್ಟಲಕ್ಕ ಹಾಕಬೇಕು, ಊರಾಗಿದ್ದ ಒಂದ ತೊಟ್ಟಲಾ ಬ್ಯಾರೆಯವರು ಒಯ್ದಾರ. ಬಿಚ್ಚಿ ಕೊಡು ಇದನ್ನ."

ನಾನು ಅಪ್ಪನ ಮುಖ ನೋಡಿದೆ. ಅಪ್ಪ ತೊಲೆ ನೋಡಿದ.

"ಯವ್ವಾ, ನಾವು ಬಂದಿದ್ದು ಹುಡುಗನ್ನ ನೋಡಾಕ," ಅಂದ ಹುಡುಗಿಯ ಅಪ್ಪ.

"ಹುಡುಗ ಎಲ್ಲಿ ಓಡಿ ಹೊಕ್ಕಾನ? ತೊಟ್ಟಲಾ ತಿರುಗಿ ಒಯ್ಯಾಕ ಬರ್ತಾನಲ್ಲ, ಅವಾಗ ನೋಡೂಣು. ತಮ್ಮಾ, ಆ ಕಲ್ಲನ್ನೂ ಕಟ್ಟು. ಇಷ್ಟು ಶಾಣ್ಯಾ ಕೂಸು ನಮ್ಮೂರಾಗ ಹುಟ್ಟಿಲ್ಲ."

ತೊಟ್ಟಿಲು ತಲೆಯ ಮೇಲೆ ಹೊತ್ತು ಬಸ್ಸಿನ ತನಕ ನಾನೇ ನಡೆದೆ. ಹತ್ತಿರದ ದಾರಿ ಬಿಟ್ಟು, ಬೇಕಂತಲೇ ಕಟ್ಟೆಯ ಮುಂದಿನಿಂದ. ನಗುತ್ತಿದ್ದ ಗೆಳೆಯರೆಲ್ಲ ಎದ್ದು ನಿಂತರು. ಅಂಥ ಮೆರವಣಿಗೆ ನನ್ನ ಲಗ್ನದಾಗೂ ಆಗಲಿಲ್ಲ.

ಮನೆಗೆ ಬಂದರೆ ಅಪ್ಪ ಉಣ್ಣಲು ಕೂತಿದ್ದ. ರೊಟ್ಟಿ ಇತ್ತು, ಮೊಸರು ಇತ್ತು, ಖಾರ ಇರಲಿಲ್ಲ.

"ಗೆದ್ದೀಪಾ," ಅಂದ ಅಪ್ಪ, ಒಣರೊಟ್ಟಿ ಮುರಿಯುತ್ತ. "ಚೀಲಾ ಹೊಲಿಯೂದು ತಪ್ಪಿತು. ಆದ್ರ ಒಂದ ಮಾತ ಕೇಳು. ಅವರು ಹುಡುಗಿ ಕೊಡ್ಲಿ, ಬಿಡ್ಲಿ. ನನ್ನ ಗುಂಡಕಲ್ಲ ಮಾತ್ರ ಬಿಟ್ಟ ಬರಬ್ಯಾಡ!"

ನಾನು ಎರಡನ್ನೂ ತಂದೆ.