ಅಕ್ಕಲ್ ದಾಡಿ ತೆಗೆಸುವ ದಿನ

‘ನಿಮ್ಮ ಇಷ್ಟ’ ಎಂದು ಯಾರಾದರೂ ಅಂದರೆ ಸಾಕು, ನನ್ನ ತಲೆ ಕೆಲಸ ನಿಲ್ಲಿಸಿಬಿಡುತ್ತದೆ. ಹೋಟೆಲಿನಲ್ಲಿ ಇಡ್ಲಿಯೋ ಸುಸಲಾನೋ ಎಂದು ಕೇಳಿದರೂ ಪಕ್ಕದ ಟೇಬಲಿನವರ ತಟ್ಟೆ ನೋಡಿ ಹೇಳುವವನು ನಾನು. ಸುರಪುರದ ಕಚೇರಿಯೊಂದರಲ್ಲಿ ಹತ್ತೊಂಬತ್ತು ವರ್ಷದಿಂದ ಗುಮಾಸ್ತ. ಬಂದ ಕಡತಕ್ಕೆ ‘ಸೂಕ್ತ ಆದೇಶಕ್ಕಾಗಿ ಮಂಡಿಸಿದೆ’ ಎಂದು ಬರೆದು ಸಾಹೇಬರ ಟೇಬಲಿಗೆ ಕಳಿಸುವುದಷ್ಟೇ ಕೆಲಸ. ಅಂಥವನ ಬಾಯಲ್ಲಿ, ನಲವತ್ತೆರಡನೆಯ ವಯಸ್ಸಿಗೆ, ಓದಿದವರು ಬುದ್ಧಿಹಲ್ಲು ಎನ್ನುವ ಅಕ್ಕಲ್ ದಾಡಿ ಬಾವು ಎಬ್ಬಿಸಿತು.

ಶಹಾಪುರದ ಹಲ್ಲಿನ ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ಹಲ್ಲು ನೆಟ್ಟಗೆ ಮೇಲೆ ಬರುವ ಬದಲು, ಬಸ್ಸಿನಲ್ಲಿ ನಿದ್ದೆ ಹೋದವನ ಹಾಗೆ ಪಕ್ಕದವನ ಮೇಲೆ ಒರಗಿ ಮಲಗಿತ್ತು. ಬಾವಿಗೆ ಐದು ದಿನದ ಗುಳಿಗೆ ಬರೆದುಕೊಟ್ಟು, ಇಳಿದ ಮೇಲೆ ತೆಗೆಸುವುದು ಒಳ್ಳೆಯದು, ಆದರೆ ಅವಸರವೇನಿಲ್ಲ ಎಂದರು. ಯಾವಾಗ ಬರಲಿ ಎಂದು ಕೇಳಿದೆ. ‘ಅದು ನಿಮ್ಮ ಇಷ್ಟರಿ’ ಅಂದುಬಿಟ್ಟರು.

ಬಾವು ಇಳಿಯಿತು, ಗೊಂದಲ ಏರಿತು. ನೋವಿಲ್ಲದಾಗ ಸುಮ್ಮನಿರುವ ಹಲ್ಲನ್ನು ಯಾಕೆ ಕೀಳಿಸಬೇಕು? ನೋವಿದ್ದಾಗ ಬಾವು ಇಳಿಯಲಿ ಅನ್ನುತ್ತಾರೆ. ಹಾಗಾದರೆ ತೆಗೆಸುವುದು ಯಾವಾಗ? ಯಾದಗಿರಿಯ ಅಣ್ಣನಿಗೆ ಫೋನು ಮಾಡಿದರೆ ಥಂಡಿ ಕಳೆಯಲಿ ಎಂದ. ಥಂಡಿ ಕಳೆದ ಮೇಲೆ ಕೇಳಿದರೆ ಬಿಸಿಲು ಇಳಿಯಲಿ ಎಂದ. ಸಾಹೇಬರು ಮೊದಲು ಈಗಲೇ ತೆಗೆಸು ಎಂದವರು, ರಜೆ ಕೇಳಿದ ಕೂಡಲೆ, ಜಿಲ್ಲೆಯಿಂದ ತಪಾಸಣೆಯವರು ಬಂದುಹೋಗಲಿ ಎಂದು ತಿದ್ದಿಕೊಂಡರು. ಪಕ್ಕದ ಮನೆಯ ಕಾಕಾ, ಅದನ್ನು ಕಿತ್ತರೆ ಇದ್ದ ಅಕ್ಕಲೂ ಹೋಗುತ್ತದೆಂದು ಹೆದರಿಸಿದರು. ನನ್ನ ಹೆಂಡತಿ ಶರಣಮ್ಮ ಮಾತ್ರ, ‘ಆ ಚಿಂತಿ ನಿಮಗ ಬ್ಯಾಡ್ರಿ’ ಅಂದಳು. ಯಾವ ಅರ್ಥದಲ್ಲಿ ಎಂದು ನಾನು ಕೇಳಲಿಲ್ಲ.

ಮೂರನೆಯ ಸಲ ಬಾವು ಬಂದು ಇಳಿದ ಮೇಲೆ, ಒಂದು ಶನಿವಾರ ಅವಳೇ ನನ್ನನ್ನು ಶಹಾಪುರದ ಬಸ್ಸು ಹತ್ತಿಸಿ, ತಾನೂ ಜೊತೆಗೆ ಬಂದಳು. ದವಾಖಾನೆಯಲ್ಲಿ ನನ್ನ ಹೆಸರು ಕರೆದರು. ಇವತ್ತು ತೆಗೆಸಿದರೆ ಸೋಮವಾರ ಮುಖ ಊದಿರುತ್ತದೆಯೋ ಏನೋ, ಮುಂದಿನ ಶನಿವಾರವಾದರೆ ಹೇಗೆ ಎಂದು ಗಲಿಬಿಲಿಯಾಗಿ, ‘ಐದು ನಿಮಿಷ ತಡಿ, ಅಣ್ಣಗ ಒಂದ್ ಮಾತು ಕೇಳಿ ಬರ್ತೇನಿ’ ಎಂದು ಅವಳಿಗೆ ಹೇಳಿ ಹೊರಗೆ ಬಂದೆ. ಅಣ್ಣನ ಫೋನು ಹತ್ತಲಿಲ್ಲ. ಚಹಾ ಕುಡಿದೆ. ಇನ್ನೊಂದು ಚಹಾದ ನಂತರ ಹತ್ತಿತು. ನಿನ್ನ ಹಲ್ಲು, ನಿನ್ನ ಇಷ್ಟ ಎಂದು ಅವನೂ ಹೇಳಿ ಫೋನು ಇಟ್ಟುಬಿಟ್ಟ. ಅಷ್ಟರಲ್ಲಿ ಮುಕ್ಕಾಲು ಗಂಟೆ ಕಳೆದಿತ್ತು.

ಒಳಗೆ ಹೋದರೆ ಶರಣಮ್ಮ ಬೆಂಚಿನ ಮೇಲಿಲ್ಲ. ಒಳಕೋಣೆಯ ಕುರ್ಚಿಯಿಂದ ಇಳಿಯುತ್ತಿದ್ದಳು, ಬಾಯಲ್ಲಿ ಅರಳೆ ಕಚ್ಚಿಕೊಂಡು.

‘ಇವರದು ಮ್ಯಾಲಿನ ಅಕ್ಕಲ್ ದಾಡಿ ಹುಳುಕಾಗಿತ್ತು, ತಗದೀನ್ರಿ’ ಎಂದರು ಡಾಕ್ಟರಮ್ಮ. ‘ಎರಡು ತಿಂಗಳಿಂದ ನೋವಂತ. ನಿಮಗ ಗೊತ್ತಿರಲಿಲ್ಲೇನ್ರಿ?’

ಗೊತ್ತಿರಲಿಲ್ಲ. ಎರಡು ತಿಂಗಳಿಂದ ಅವಳೂ ನನ್ನ ಹಾಗೆಯೇ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಿದ್ದಳು. ಅದು ನನ್ನ ಮೇಲಿನ ಮಮತೆ ಎಂದುಕೊಂಡು ಒಳಗೊಳಗೇ ಹಿಗ್ಗಿದ್ದೆ. ಮನೆಯಲ್ಲಿ ದಿನವೂ ನನ್ನ ಹಲ್ಲಿನದೇ ಮಾತಾಗಿ, ಅವಳ ಹಲ್ಲಿಗೆ ಸರದಿಯೇ ಬಂದಿರಲಿಲ್ಲ. ನಾಚಿಕೆಯಾಯಿತು. ಡಾಕ್ಟರಮ್ಮ ಇನ್ನು ನಿಮ್ಮದು ಎಂದು ಕುರ್ಚಿ ತೋರಿಸಿದರು. ಇಬ್ಬರೂ ಒಂದೇ ದಿನ ಬಾಯಿ ಮುಚ್ಚಿಕೊಂಡರೆ ಮನೆ ನಡೆಯುವುದು ಹೇಗೆ ಎಂದೇನೋ ತೊದಲಿ, ಅವಳನ್ನು ಕರೆದುಕೊಂಡು ಹೊರಬಿದ್ದೆ.

ತಿರುಗಿ ಬರುವ ಬಸ್ಸಿನಲ್ಲಿ, ಆಚೆ ಸೀಟಿನ ಹೆಣ್ಣುಮಗಳೊಬ್ಬಳು ಶರಣಮ್ಮನ ಕೆನ್ನೆ ನೋಡಿ, ತನಗೂ ಹಿಂದಿನ ಹಲ್ಲು ಕಾಡುತ್ತಿದೆ, ಯಾವಾಗ ತೆಗೆಸಿದರೆ ಛಲೋ ಎಂದು ಕೇಳಿದಳು. ಶರಣಮ್ಮ ಮಾತಾಡುವ ಹಾಗಿರಲಿಲ್ಲ. ಉತ್ತರ ನನ್ನ ಪಾಲಿಗೆ ಬಂತು.

‘ಲಗೂನ ತಗಿಸಿಬಿಡ್ರಿ ಅಕ್ಕಾರ’ ಅಂದೆ. ‘ಇಂಥದ್ರಾಗ ಬಾಳ ವಿಚಾರ ಮಾಡಬಾರದು.’

ಶರಣಮ್ಮ ಅರಳೆ ಕಚ್ಚಿಕೊಂಡೇ ಒಮ್ಮೆ ನನ್ನನ್ನು ನೋಡಿ, ಕಿಟಕಿಯ ಕಡೆ ಮುಖ ತಿರುಗಿಸಿದಳು. ಸುರಪುರ ಬರುವ ತನಕ ಅವಳ ಹೆಗಲು ಅಲುಗುತ್ತಲೇ ಇತ್ತು. ರಸ್ತೆ ಕೆಟ್ಟಿದೆ ಎಂದು ನಂಬಿಕೊಂಡು ಕೂತೆ.