ಒಂದೇ ಪ್ರಶ್ನೆಗೆ ಬಿದ್ದುಹೋದ ನನ್ನ ಮದುವೆ

ನಮ್ಮ ತಾಯಲೂರಿನ ಕಡೆ ಕರೀ ಕೋಟು ಹಾಕಿದ ಮೊದಲನೇ ಹೆಣ್ಣುಮಗಳು ನನ್ನ ಮೊಮ್ಮಗಳು ಪ್ರಮೀಳ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಮುಂದಿನ ಸಾಲು ಬರೆಯಲು ನನಗೆ ಕೈ ಓಡುವುದಿಲ್ಲ. ನಾನು ಓದಿದ್ದು ಮೂರನೇ ಕ್ಲಾಸು, ಅದೂ ಪೂರ್ತಿ ಅಲ್ಲ. ಆ ಮಗು ಓದಿದ್ದು ವಕೀಲಿಕೆ! ಅವಳ ಕೋಟನ್ನು ಒಗೆದು ಹಗ್ಗದ ಮೇಲೆ ಹಾಕಿದ ದಿನ ಬೀದಿಯವರೆಲ್ಲ ನೋಡಲಿ ಎಂದು ಒಣಗಿದ ಮೇಲೂ ಎರಡು ದಿನ ತೆಗೆಯಲಿಲ್ಲ.

ಆದರೆ ಒಂದು ವರ್ಷವಾದರೂ ಅವಳಿಗೆ ಸ್ವಂತದ್ದು ಅಂತ ಒಂದು ಕೇಸೂ ಇರಲಿಲ್ಲ. ಕೋಲಾರದಲ್ಲಿ ಒಬ್ಬ ಹಿರಿಯ ವಕೀಲರ ಕೈಕೆಳಗೆ ಇದ್ದಳು. ಇದ್ದಳು ಎಂದರೆ ಫೈಲು ಹೊತ್ತಳು. ಅವರು ಇನ್ನೊಂದು ಕೋರ್ಟಿನಲ್ಲಿದ್ದಾಗ ಎದ್ದು ನಿಂತು ‘ವಾಯಿದೆ ಬೇಕು ಸ್ವಾಮಿ’ ಎಂದು ಇನ್ನೊಂದು ದಿನಾಂಕ ಕೇಳಿಕೊಂಡು ಬಂದಳು. ಇಷ್ಟೇ ಕೆಲಸ. ದಿನಾಂಕ ಕೇಳುವುದಕ್ಕೆ ಅಷ್ಟು ದಪ್ಪ ಪುಸ್ತಕ ಓದಬೇಕೇ? ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅಷ್ಟರಲ್ಲಿ ಒಂದು ಸುದ್ದಿ ತಂದಳು. ಗಂಡ ಹೆಂಡಿರ ಕೇಸುಗಳಿಗೆ ಹೊಸಬರಾದ ವಕೀಲರಿಗೆ ಆ ಹಿರಿಯರೇ ಶನಿವಾರ ಶನಿವಾರ ಪಾಠ ಮಾಡುತ್ತಿದ್ದಾರಂತೆ. ವಕೀಲರಾದ ಮೇಲೂ ಪಾಠವೇ ಎಂದು ನಾನು ಬಾಯಿ ಬಿಟ್ಟೆ. ಬರುವ ಶನಿವಾರ ಕೊನೆಯ ಪಾಠ. ಅವತ್ತು ಹಿರಿಯರೇ ಜಡ್ಜಿಯಾಗಿ ಕೂತು ಮಕ್ಕಳಾಟದ ಹಾಗೆ ಉತ್ತುತ್ತಿನ ಕೋರ್ಟು ನಡೆಸುತ್ತಾರೆ. ಸಾಕ್ಷಿಯನ್ನು ಪ್ರಶ್ನೆ ಹಾಕಿ ಯಾರು ಚೆನ್ನಾಗಿ ಕೆಡವುತ್ತಾರೋ ಅವರಿಗೆ ಒಂದು ನಿಜವಾದ ಕೇಸು. ಮಾಲೂರಿನ ಹೆಂಗಸೊಬ್ಬಳು ತನ್ನನ್ನೂ ಎರಡು ಮಕ್ಕಳನ್ನೂ ಬಿಟ್ಟುಹೋದ ಗಂಡನ ಮೇಲೆ ಜೀವನಾಂಶಕ್ಕೆ ಹಾಕಿದ ಕೇಸು. ಪ್ರಮೀಳನ ಪೈಪೋಟಿ ನಾಗರಾಜ ಎಂಬ ಹುಡುಗನ ಜೊತೆ. ಅವನಿಗೆ ಮಾತು ಜಾಸ್ತಿಯಂತೆ.

ಮಗುವಿಗೆ ಧೈರ್ಯ ಹೇಳಲು ನಾನೂ ಹೊರಟೆ.

“ಅಜ್ಜಿ, ಅಲ್ಲಿಗೆ ವಕೀಲರು ಮಾತ್ರ ಬರೋದು.”

“ನಾನೇನು ಮಾತಾಡಕ್ಕೆ ಬರ್ತೀನೇನೇ? ಒಂದು ಮೂಲೇಲಿ ಕೂತ್ಕೊಂಡು ನಿನ್ನ ನೋಡ್ತೀನಿ, ಅಷ್ಟೆ.”

ಈ ಮಾತನ್ನು ನಾನು ಮನಸಾರೆ ನಂಬಿಯೇ ಹೇಳಿದ್ದೆ. ನಮ್ಮ ಯಜಮಾನರು ಬರಲಿಲ್ಲ. ರೇಷ್ಮೆ ಹುಳು ನಾಲ್ಕನೇ ಜ್ವರ ಎದ್ದು, ಅಂದರೆ ಕೊನೆಯ ಪೊರೆ ಕಳಚಿ, ಹೊತ್ತುಹೊತ್ತಿಗೆ ಸೊಪ್ಪು ಕೇಳುತ್ತಿದ್ದವು. ನಾನು ಮದುವೆಮನೆಗೆ ಉಡುವ ಸೀರೆ ಉಟ್ಟು, ಒಂದು ಡಬ್ಬಿ ನಿಪ್ಪಟ್ಟು ತುಂಬಿಕೊಂಡು, ಮುಳಬಾಗಿಲಲ್ಲಿ ಕೋಲಾರದ ಬಸ್ಸು ಹತ್ತಿದೆ.

ಕೋರ್ಟಿನ ಪಕ್ಕದ ಹಾಲಿನಲ್ಲಿ ಇಪ್ಪತ್ತು ಕರೀ ಕೋಟುಗಳು ಕೂತಿದ್ದವು. ನಾನು ಮೂಲೆಯಲ್ಲೇ ಕೂತೆ. ಸತ್ಯವಾಗಿ ಕಾಲು ಗಂಟೆ ಸುಮ್ಮನಿದ್ದೆ. ಹಿರಿಯರು ಬಿಳೀ ಮೀಸೆಯ ಗಂಭೀರ ಮನುಷ್ಯರು. ಯಾವ ಮದುವೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂದು ಬೋರ್ಡಿನ ಮೇಲೆ ಬರೆಯುತ್ತಿದ್ದರು. ಬರೆಯುತ್ತ ಬರೆಯುತ್ತ, ಕಾಫಿಗೆ ಸಕ್ಕರೆ ಕಮ್ಮಿ ಎನ್ನುವಷ್ಟು ಸಲೀಸಾಗಿ ಹೇಳಿದರು: “ಕಾನೂನಿನ ಪ್ರಕಾರ ಸೋದರಮಾವನಿಗೂ ಅಕ್ಕನ ಮಗಳಿಗೂ ಆದ ಮದುವೆ ಅಸಿಂಧು.”

ಅಸಿಂಧು ಎಂದರೆ ಆಗಲೇ ಇಲ್ಲ ಅಂತ ಲೆಕ್ಕ. ಅಷ್ಟು ನನಗೂ ಗೊತ್ತು. ನಮ್ಮ ಯಜಮಾನರು ಯಾರು ಗೊತ್ತೇ? ನಮ್ಮಮ್ಮನ ಒಡಹುಟ್ಟಿದ ತಮ್ಮ!

ನಲವತ್ತೊಂಬತ್ತು ವರ್ಷ ಆ ಮನುಷ್ಯನ ಜೊತೆ ಬಾಳಿದ್ದೇನೆ. ಐದು ಮಕ್ಕಳು, ಹನ್ನೊಂದು ಮೊಮ್ಮಕ್ಕಳು. ಅದರಲ್ಲೊಬ್ಬಳು ಎದುರಿಗೇ ಕರೀ ಕೋಟು ಹಾಕಿಕೊಂಡು ಕೂತಿದ್ದಾಳೆ. ಎಲ್ಲವೂ ಅಸಿಂಧುವೇ? ಕೋಪ ಬಂದರೆ ನನ್ನ ಬಾಯಲ್ಲಿ ಕನ್ನಡ ನಿಲ್ಲುವುದಿಲ್ಲ, ತೆಲುಗು ನುಗ್ಗುತ್ತದೆ. ‘ಎವರಯ್ಯಾ ನುವ್ವು, ನನ್ನ ಮದುವೆ ಇಲ್ಲ ಅನ್ನೋದಕ್ಕೆ’ ಎಂದು ಎದ್ದು ನಿಂತೆ. ಡಬ್ಬಿ ಬಿತ್ತು. ನಿಪ್ಪಟ್ಟುಗಳು ಚಕ್ರದಂತೆ ಉರುಳಿ ವಕೀಲರ ಕಾಲ ಕೆಳಗೆಲ್ಲ ಹೋದವು. ನಮ್ಮಪ್ಪ ಚಪ್ಪರ ಹಾಕಿಸಿದ್ದು, ಮೂರು ದಿನ ಓಲಗ ಊದಿಸಿದ್ದು, ನೆಂಟರು ಊಟಕ್ಕೆ ಜಗಳ ತೆಗೆದದ್ದು, ಎಲ್ಲವನ್ನೂ ಹೇಳಿದೆ. ಜಗಳವೂ ಆಗದೆ ಆದ ಮದುವೆಯೇನು ಅದು?

ಅವರ ವಾಕ್ಯ ಇನ್ನೂ ಮುಗಿದಿರಲಿಲ್ಲವಂತೆ. ಆ ಮನೆತನದಲ್ಲಿ ಅಂಥ ಮದುವೆ ಹಿಂದಿನಿಂದ ನಡೆದುಬಂದಿದ್ದರೆ ತೊಂದರೆಯಿಲ್ಲ ಎನ್ನುವುದು ಉಳಿದರ್ಧ. ಒಳ್ಳೆಯದನ್ನು ಮೊದಲು ಹೇಳಿ ಕೆಟ್ಟದ್ದನ್ನು ಆಮೇಲೆ ಹೇಳಬಾರದೇ? ವಾಕ್ಯ ಉಲ್ಟಾ ಕಟ್ಟಿದ್ದು ಅವರ ತಪ್ಪು, ನನ್ನದಲ್ಲ!

ಹಿರಿಯರು ಸಿಟ್ಟಾಗಲಿಲ್ಲ. ಈಯಮ್ಮ ಯಾರು ಎಂದು ಕೇಳಿದರು. ಪ್ರಮೀಳ ಎದ್ದು, ನೆಲ ನೋಡುತ್ತ, ನಮ್ಮಜ್ಜಿ ಎಂದಳು. ಆ ದನಿ ಕೇಳಿದಾಗಲೇ ನಾನು ಏನು ಮಾಡಿಟ್ಟೆ ಎಂದು ನನಗೆ ಅರಿವಾಗಿದ್ದು. ಮಗುವಿನ ಕೇಸು ಹೋಯಿತು ಎಂದುಕೊಂಡೆ. ಹಿರಿಯರ ಮುಖ ಮಾತ್ರ ಅರಳಿತು.

“ಇನ್ನು ಆಟದ ಸಾಕ್ಷಿ ಯಾಕೆ? ನಿಜವಾದ ಸಾಕ್ಷೀನೇ ಬಂದಿದ್ದಾರೆ. ಅಮ್ಮಾ, ನಿಮ್ಮ ಮದುವೆ ಸರಿ ಅಂತ ಇಲ್ಲಿ ನಿಂತು ಹೇಳ್ತೀರಾ?”

“ಇಲ್ಲೇನು, ವಿಧಾನಸೌಧದ ಮುಂದೆ ನಿಂತು ಬೇಕಾದ್ರೂ ಹೇಳ್ತೀನಿ,” ಎಂದೆ.

ನನ್ನ ಮದುವೆಯ ಪರ ವಕೀಲ ನಾಗರಾಜ. ನನ್ನ ಮದುವೆಯ ವಿರುದ್ಧ ವಕೀಲೆ ನನ್ನ ಮೊಮ್ಮಗಳು! ಕೋರ್ಟಿನಲ್ಲಿ ನೆಂಟಸ್ತಿಕೆ ಇಲ್ಲ ಎಂದರು ಹಿರಿಯರು. ಒಂದು ಕುರ್ಚಿಯನ್ನು ಹಿಂದುಮುಂದು ಮಾಡಿ ಕಟಕಟೆ ಎಂದರು. ಅದರ ಬೆನ್ನು ಹಿಡಿದು ನಿಂತೆ.

ನಾಗರಾಜ ಮರ್ಯಾದಸ್ಥ ಹುಡುಗ. ಅಮ್ಮಾ ಅಮ್ಮಾ ಎಂದು ಕೇಳಿದ. ನಾನೂ ಧಾರಾಳವಾಗಿ ಹೇಳಿದೆ. ನಮ್ಮಮ್ಮ ಮದುವೆಯಾದದ್ದು ಅವಳ ಸೋದರಮಾವನನ್ನು. ನಮ್ಮಕ್ಕ ಆದದ್ದು ದೊಡ್ಡ ಮಾವನನ್ನು. ನಾನು ಚಿಕ್ಕ ಮಾವನನ್ನು. ಗಂಡನನ್ನು ಏನೆಂದು ಕರೆಯುತ್ತೀರಿ ಎಂದ. ಮಾವ ಎಂದೇ ಕರೆಯುತ್ತೇನೆ, ಮದುವೆಗೆ ಮೊದಲೂ ಮಾವ, ಆಮೇಲೂ ಮಾವ, ಬದಲಾಯಿಸುವ ಖರ್ಚೇ ಬೀಳಲಿಲ್ಲ ಎಂದೆ. ಹಾಲೆಲ್ಲ ನಕ್ಕಿತು. ನಾಗರಾಜ ಗೆದ್ದವನ ಹಾಗೆ ಕೂತ. ನನ್ನ ಮದುವೆ ಬಂಡೆಯ ಹಾಗೆ ನಿಂತಿತ್ತು.

ಆಗ ಪ್ರಮೀಳ ಎದ್ದಳು. ಕೋಟು ಸರಿಮಾಡಿಕೊಂಡಳು. ನನಗೆ ಅಭಿಮಾನದಿಂದ ಕಣ್ಣು ತುಂಬಿ ಮುಖವೇ ಸರಿಯಾಗಿ ಕಾಣಲಿಲ್ಲ.

“ಒಂದೇ ಪ್ರಶ್ನೆ ಸ್ವಾಮಿ. ಮುನಿವೆಂಕಟಮ್ಮನವರೇ...”

ಹೆಸರು ಹಿಡಿದು ಕರೆದಳು! ನಾನು ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ ಕೂಸು!

“ಸೋದರಮಾವನನ್ನ ಮದುವೆ ಆಗೋ ರೂಢಿ ನಿಮ್ಮ ಮನೇಲಿ ಯಾರಿಗಾದ್ರೂ ಇದೆಯಾ?”

ರೂಢಿ! ನಮ್ಮ ಬೀದಿಯಲ್ಲಿ ಯಾರಿಗಾದರೂ ರೂಢಿ ಇದೆ ಎಂದರೆ ಹೆಂಡ, ಬೀಡಿ, ಇಸ್ಪೀಟು, ಈ ಮೂರರಲ್ಲಿ ಒಂದು ಎಂದು ಅರ್ಥ. ಮರ್ಯಾದಸ್ಥರ ಮನೆಯ ಹೆಂಗಸನ್ನು ಇಪ್ಪತ್ತು ಜನರ ಮುಂದೆ ಕೇಳುವ ಮಾತೇ ಇದು?

“ಏನಂದೆ? ರೂಢೀನಾ? ನಮ್ಮ ಮನೇಲಿ ಯಾರಿಗೂ ಅಂಥ ರೂಢಿ ಇಲ್ಲ ಕಣೇ. ನಾನು ಆಗಿದ್ದು ಒಂದೇ ಒಂದು ಸಲ. ಅದೂ ದೊಡ್ಡೋರು ಹೇಳಿದ್ರು ಅಂತ.”

“ರೂಢಿ ಇಲ್ಲ ಅಂತೀರಾ?”

“ಇಲ್ಲವೇ ಇಲ್ಲ. ಬೇಕಾದ್ರೆ ಬರ್ಕೋ.”

“ಬರ್ಕೋಬೇಕು ಸ್ವಾಮಿ,” ಎಂದು ಹಿರಿಯರಿಗೆ ಹೇಳಿ ಪ್ರಮೀಳ ಕೂತುಬಿಟ್ಟಳು.

ನಾಗರಾಜ ತಲೆ ಮೇಲೆ ಕೈಯಿಟ್ಟುಕೊಂಡ. ನನಗೆ ಅರ್ಥವಾಗಲಿಲ್ಲ. ಗೆದ್ದೆ ಎಂದುಕೊಂಡು ಕುರ್ಚಿ ಬಿಟ್ಟು ಎದೆ ಸೆಟೆಸಿ ನಿಂತೆ. ಆಮೇಲೆ ಹಿರಿಯರು ಬಿಡಿಸಿ ಹೇಳಿದರು. ಹಿಂದಿನಿಂದ ನಡೆದುಬಂದದ್ದಕ್ಕೆ ಕಾನೂನಿನವರು ಇಟ್ಟ ಹೆಸರು ರೂಢಿ. ಆ ರೂಢಿ ಇದ್ದರೆ ಮದುವೆ ಉಂಟು, ಇಲ್ಲದಿದ್ದರೆ ಇಲ್ಲ. ಇಲ್ಲವೇ ಇಲ್ಲ ಎಂದು ನಾನೇ ಬರೆಸಿದ್ದೆ. ‘ಮದುವೆ ಅಸಿಂಧು’ ಎಂದು ಅವರು ಮೇಜು ಕುಟ್ಟಿದರು.

ಅತ್ತೆಯಾದ ನಮ್ಮಜ್ಜಿಯ ಕೈಲಿ ಆಗಲಿಲ್ಲ, ಬರಗಾಲದ ಕೈಲಿ ಆಗಲಿಲ್ಲ. ನಲವತ್ತೊಂಬತ್ತು ವರ್ಷದ ಮದುವೆಯನ್ನು ನಾನು ನನ್ನ ಸ್ವಂತ ಬಾಯಿಂದ ಅರ್ಧ ನಿಮಿಷದಲ್ಲಿ ಮುಗಿಸಿದೆ!

ಹಿರಿಯರು ಹುಡುಗರ ಕಡೆ ತಿರುಗಿದರು. ನಾಳೆ ನಿಮ್ಮ ಹತ್ತಿರ ಬರುವವರೆಲ್ಲ ಇಂಥ ಹೆಂಗಸರೇ, ನಿಮ್ಮ ಮಾತು ಅವರಿಗೆ ಹೇಗೆ ಕೇಳಿಸುತ್ತದೆ ಎಂದು ಮೊದಲೇ ಕೂರಿಸಿಕೊಂಡು ತಿಳಿಯದೆ ಕಟಕಟೆ ಹತ್ತಿಸಿದರೆ ಗತಿ ಹೀಗೇ ಆಗುತ್ತದೆ ಎಂದರು. ಹೀಗೆ ಎನ್ನುವಾಗ ಬೆತ್ತ ತೋರಿಸಿದ್ದು ನನ್ನ ಕಡೆ. ಬೋರ್ಡಿನ ಮೇಲೆ ಬರೆದ ಉದಾಹರಣೆಯ ಹಾಗೆ ನಾನು ನಿಂತಿದ್ದೆ. ಆಮೇಲೆ ಮಾಲೂರಿನ ಹೆಂಗಸಿನ ಫೈಲನ್ನು ಎತ್ತಿ ಪ್ರಮೀಳನ ಕೈಗೆ ಕೊಟ್ಟರು. ಎಲ್ಲರಿಗಿಂತ ಮೊದಲು ಚಪ್ಪಾಳೆ ಹೊಡೆದವಳು ಈಗಷ್ಟೇ ಗಂಡನನ್ನು ಕಳೆದುಕೊಂಡ ಮುನಿವೆಂಕಟಮ್ಮ.

ಬಸ್ಸಿನಲ್ಲಿ ಸಿಟ್ಟು ಮರಳಿ ಬಂತು.

“ನನಗೆ ರೂಢಿ ಅನ್ನೋ ಮಾತು ಆಗಲ್ಲ ಅಂತ ಗೊತ್ತಿದ್ದೂ ಕೇಳ್ದೆಯಾ?”

“ಗೊತ್ತಿತ್ತು ಅಂತಾನೇ ಕೇಳ್ದೆ ಅಜ್ಜಿ.” ಫೈಲನ್ನು ಎದೆಗೆ ಅವಚಿಕೊಂಡಿದ್ದಳು. “ಅದೂ ಅಲ್ದೆ, ಐವತ್ತೈದ್ರಲ್ಲಿ ಆ ಕಾನೂನು ಬರೋ ಹೊತ್ಗೆ ನಿನ್ನ ಮಗನಿಗೆ, ಅದೇ ನಮ್ಮಪ್ಪನಿಗೆ, ಮೀಸೆ ಚಿಗುರ್ತಿತ್ತು. ಅದಕ್ಕೂ ಮುಂಚೆ ಆದ ಮದುವೆಗಳ ತಂಟೆಗೇ ಅದು ಬರಲ್ಲ.”

ಅಂದರೆ ನನ್ನ ಮದುವೆಯನ್ನು ಯಾರೂ ಮುಟ್ಟಿರಲೇ ಇಲ್ಲ. ಯಾರೂ ಮಾಡದ ಅವಮಾನಕ್ಕೆ ನಾನು ಒಂದು ಡಬ್ಬಿ ನಿಪ್ಪಟ್ಟು ನೆಲಕ್ಕೆ ಚೆಲ್ಲಿ ಬಂದಿದ್ದೆ!

ಈ ಕೊನೆಯ ವಿಷಯವನ್ನು ಮನೆಯಲ್ಲಿ ಹೇಳಬೇಡ ಎಂದು ಮಗುವಿಗೆ ತಾಕೀತು ಮಾಡಿದೆ. ಯಜಮಾನರಾದರೂ ಸ್ವಲ್ಪ ಉರಿಯಲಿ, ನನ್ನ ಪರವಾಗಿ ಎರಡು ಮಾತು ಆಡಲಿ ಎಂಬ ಆಸೆ. ಅವರು ಹುಳುವಿನ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಹೋಗಿ ಎದುರಿಗೆ ನಿಂತು, ನಮ್ಮಿಬ್ಬರ ಮದುವೆ ಆಗಿಯೇ ಇಲ್ಲ ಎಂದು ಕೋಲಾರದಲ್ಲಿ ತೀರ್ಪಾಗಿದೆ, ಮೊಮ್ಮಗಳೇ ವಾದ ಮಾಡಿ ಬೀಳಿಸಿದಳು ಎಂದೆ.

ಅವರ ಕೈ ನಿಂತಿತು.

“ಅಂದ್ರೆ ಗೆದ್ದಿದ್ದು ನಮ್ಮ ಪ್ರಮೀಳಾನೇ ತಾನೇ?”

“ಹೂಂ ಮಾವ.”

“ಕೇಸು ಅವಳಿಗೇ ಕೊಟ್ರಾ?”

“ಕೊಟ್ರು.”

“ಹಂಗಾದ್ರೆ ಹೋದ್ರೆ ಹೋಗ್ಲಿ ಬಿಡು,” ಎಂದು ಇನ್ನೊಂದು ಹಿಡಿ ಸೊಪ್ಪು ಹಾಕಿದರು.

ಈ ಮನುಷ್ಯನಿಗೋಸ್ಕರ ನಾನು ಇಪ್ಪತ್ತು ವಕೀಲರ ಮುಂದೆ ತೆಲುಗಿನಲ್ಲಿ ಜಗಳವಾಡಿದೆ! ಮೈಯೆಲ್ಲ ಉರಿದುಹೋಯಿತು. ಮಾತು ಬಿಡಬೇಕು ಎಂದು ಗಟ್ಟಿಮನಸ್ಸು ಮಾಡಿ ಅಡಿಗೆಮನೆಗೆ ಹೋದೆ. ಆದರೆ ಆ ಕುರ್ಚಿ ಹಿಡಿದು ನಿಂತಾಗಲೇ ಯಾರಾದರೂ ‘ಅಜ್ಜಿ, ನಿಮಗೆ ಮದುವೆ ಬೇಕೋ, ಮೊಮ್ಮಗಳಿಗೆ ಕೇಸು ಬೇಕೋ’ ಎಂದು ಕೇಳಿದ್ದರೆ, ನಾನು ಅರ್ಧ ನಿಮಿಷವೂ ತೆಗೆದುಕೊಳ್ಳುತ್ತಿರಲಿಲ್ಲ.